ಗುರುವಿನ ಮೌನಕ್ಕೆ ಕಲ್ಯಾಣದ ಸಾಕ್ಷಿಯಿಲ್ಲ

‘ಮಾಸ್ತರ ಆದವ್ರು ಹಿಂಗ ರೋಡಿಗಿ ಬಂದು ಕೂಡಬಾರ್ದುರಿ’ ಎಂಬ ಮಾತನ್ನು ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರದ ಚಹದಂಗಡಿಯಲ್ಲಿ ಕೇಳಿದ್ದೇನೆ. ಬಸವಕಲ್ಯಾಣದ ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ, ಮೊಮ್ಮಗನ ಕೈ ಹಿಡಿದು ನಡೆಯುತ್ತಿದ್ದ ನಿವೃತ್ತ ಅಧಿಕಾರಿಯೊಬ್ಬರ ಬಾಯಿಂದ, ಇನ್ನಷ್ಟು ಶುದ್ಧವಾದ ಭಾಷೆಯಲ್ಲಿ, ಅದೇ ಅರ್ಥದ ಮಾತನ್ನು ಕೇಳಿದ್ದೇನೆ. ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಯ ವೇದಿಕೆಗಳ ಮೇಲೆ, ಶಾಲು ಹೊದಿಸಿ ಹಾರ ಹಾಕಿದ ಮರುಗಳಿಗೆಯಲ್ಲಿಯೇ, ಗುರುವಾದವನು ಹಕ್ಕಿನ ಮಾತನ್ನು ಬಿಟ್ಟು ಕರ್ತವ್ಯದ ಮಾತನ್ನಷ್ಟೇ ಆಡಬೇಕೆಂಬ ಉಪದೇಶವನ್ನೂ ಕೇಳಿದ್ದೇನೆ. ಹೀಗೆ ಹೇಳುವವರಲ್ಲಿ ಬಹುಮಂದಿ ದುರ್ಜನರಲ್ಲ. ತಮಗೆ ಅಕ್ಷರ ತಿದ್ದಿಸಿದವರನ್ನು ಕೃತಜ್ಞತೆಯಿಂದ ನೆನೆಯುವವರೇ. ಆದರೆ ಸಜ್ಜನರ ಬಾಯಲ್ಲಿ ಬಂದಿತೆಂಬ ಮಾತ್ರಕ್ಕೆ ತಪ್ಪಭಿಪ್ರಾಯವೊಂದು ಸತ್ಯವಾಗದು. ಅದರ ಆಯುಷ್ಯ ಹೆಚ್ಚುತ್ತದೆ, ಅಷ್ಟೆ. ಆದುದರಿಂದ ಅದನ್ನು ಬುಡದಿಂದ ಪರೀಕ್ಷಿಸುವುದು ಅವಶ್ಯವಾಗಿದೆ.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ನಿರೂಪಿಸುವುದು ನ್ಯಾಯ. ಎದುರಾಳಿಯ ಮಾತನ್ನು ದುರ್ಬಲಗೊಳಿಸಿ ಹೇಳಿ ಸುಲಭವಾಗಿ ಖಂಡಿಸುವುದು ವಾದಧರ್ಮವಲ್ಲ. ವಿದ್ಯೆಯು ಕ್ರಯವಿಕ್ರಯದ ವಸ್ತುವಲ್ಲವೆಂದೂ, ಗುರುಶಿಷ್ಯರ ಸಂಬಂಧವನ್ನು ಮಾಲೀಕ–ಆಳುಗಳ ಸಂಬಂಧದ ಅಳತೆಗೋಲಿನಿಂದ ಅಳೆಯಲಾಗದೆಂದೂ ಅವರು ಹೇಳುತ್ತಾರೆ. ಗಿರಣಿ ಒಂದು ದಿನ ನಿಂತರೆ ಇಂದಿನ ನೂಲನ್ನು ನಾಳೆ ತೆಗೆಯಬಹುದು, ಆದರೆ ಏಳನೆಯ ತರಗತಿಯ ಮಗು ಕಳೆದುಕೊಂಡ ತಿಂಗಳು ಮರಳಿ ಬರುವುದಿಲ್ಲ; ಸರ್ಕಾರಿ ಶಾಲೆಗೆ ಬರುವುದು ಬಡವರ ಮಕ್ಕಳೇ ಆದುದರಿಂದ ಶಿಕ್ಷಕನು ಬೀಸಿದ ಪೆಟ್ಟು ಸರ್ಕಾರವನ್ನು ಮುಟ್ಟದೆ ಆ ಬಡವರನ್ನೇ ತಾಗುತ್ತದೆ. ಅತಿಥಿ ಶಿಕ್ಷಕರಂತೂ ನಿಬಂಧನೆಗಳನ್ನೆಲ್ಲ ತಿಳಿದು ಒಪ್ಪಿಕೊಂಡೇ ಬಂದವರು. ಇವೆಲ್ಲಕ್ಕಿಂತ ಮಿಗಿಲಾಗಿ, ಕಾಯಕವನ್ನೇ ಪೂಜೆಯೆಂದು ಲೋಕಕ್ಕೆ ಸಾರಿದ ಕಲ್ಯಾಣದ ನೆಲದಲ್ಲಿ ಪಾಠ ಹೇಳುವವನೊಬ್ಬನು ಕೂಲಿಯ ಚೌಕಾಸಿಗೆ ಕೂಡುವುದು ಆ ನೆಲಕ್ಕೇ ಅಪಚಾರ. ಪೂರ್ವಪಕ್ಷ ಇಷ್ಟು. ಇದರಲ್ಲಿ ಮಗುವಿನ ವಿಷಯವೊಂದು ಗಂಭೀರವಾದುದು. ಅದಕ್ಕೆ ಆಮೇಲೆ ಬರುತ್ತೇನೆ. ಕಲ್ಯಾಣದ, ಅಂದರೆ ಈಗಿನ ಬಸವಕಲ್ಯಾಣದ, ಹೆಸರನ್ನು ಸಾಕ್ಷಿಗೆ ಕರೆದಿರುವುದರಿಂದ ಮೊದಲು ಆ ಸಾಕ್ಷಿಯನ್ನೇ ವಿಚಾರಿಸೋಣ.

ಕಲ್ಯಾಣವನ್ನು ತನ್ನ ರಾಜಧಾನಿಯಾಗಿ ಮಾಡಿಕೊಂಡ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಆಳಿಕೆಯಲ್ಲಿ, 1058ರಲ್ಲಿ, ಹಾಕಿಸಿದ ಶಾಸನವೊಂದು ಈಗಿನ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನ ನಾಗಾವಿಯಲ್ಲಿದೆ. ಅಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಲಯವಿತ್ತು. ವೇದವನ್ನು ಓದುವವರೂ ಶಾಸ್ತ್ರವನ್ನು ಓದುವವರೂ ನೂರಾರು ಮಂದಿ ಅಲ್ಲಿದ್ದರು. ಅವರಿಗೆ ಪಾಠ ಹೇಳುವ ಉಪಾಧ್ಯಾಯರೂ, ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರೂ ಇದ್ದರು. ಆ ಶಾಸನವು ವಿದ್ಯೆಯ ಮಹಿಮೆಯನ್ನು ಹೊಗಳಿ ಸುಮ್ಮನಾಗುವುದಿಲ್ಲ. ಯಾವ ಶಾಸ್ತ್ರವನ್ನು ಹೇಳುವವನಿಗೆ ಎಷ್ಟು ಮತ್ತರು ಭೂಮಿ, ಭಂಡಾರಿಗನಿಗೆ ಎಷ್ಟು, ವಿದ್ಯಾರ್ಥಿಗಳ ಅಶನವಸನಗಳಿಗೆ ಎಷ್ಟು ಎಂಬುದನ್ನು, ಮುಂದೆ ಯಾವ ಅಧಿಕಾರಿಯೂ ಅಳಿಸಲಾಗದಂತೆ, ಊರಿನ ಸಮಸ್ತರೂ ಓದುವಂತೆ, ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದೆ. ಉಪಾಧ್ಯಾಯನ ಜೀವನೋಪಾಯವು ದಾತೃವಿನ ದಿನದಿನದ ಕೃಪೆಯನ್ನು ಅವಲಂಬಿಸಿರಬಾರದು, ಅದು ಲಿಖಿತವೂ ಪ್ರಕಟವೂ ಸ್ಥಿರವೂ ಆಗಿರಬೇಕು ಎಂಬ ವಿವೇಕವು ಈ ಸೀಮೆಗೆ ಸಾವಿರ ವರ್ಷಗಳ ಹಿಂದೆಯೇ ಇತ್ತು. ಹಾಗೆ ಬರೆಯಿಸಿದುದರಿಂದ ವಿದ್ಯೆಗೆ ಅವಮಾನವಾಯಿತೆಂದು ಆಗ ಯಾರೂ ಹೇಳಲಿಲ್ಲ. ವಿದ್ಯೆಯನ್ನು ಗೌರವಿಸುವ ಕ್ರಮವೇ ಅದೆಂದು ಭಾವಿಸಿದರು.

ಆ ಕಲ್ಲಿನ ಪಕ್ಕದಲ್ಲಿ ಇಂದಿನ ಕಾಗದವನ್ನಿಟ್ಟು ನೋಡಬೇಕು. 2025–26ರ ಶೈಕ್ಷಣಿಕ ವರ್ಷಕ್ಕೆ ರಾಜ್ಯದ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಖಾಲಿ ಹುದ್ದೆಗಳೆದುರು 51,000 ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಅನುಮತಿಯಾಯಿತು. ಅದುವರೆಗೆ ಪ್ರಾಥಮಿಕ ಶಾಲೆಯವರಿಗೆ ತಿಂಗಳಿಗೆ 10,000, ಪ್ರೌಢಶಾಲೆಯವರಿಗೆ 10,500 ರೂಪಾಯಿ ಇದ್ದುದು ಆ ವರ್ಷದ ಆಯವ್ಯಯದಲ್ಲಿ 2,000 ರೂಪಾಯಿ ಏರಿತು. ಜೂನ್ ತಿಂಗಳಲ್ಲಿ ಆರಂಭವಾಗುವ ಸೇವೆ ಮಾರ್ಚಿಗೆ ಮುಗಿಯುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಆ ಶಿಕ್ಷಕನೂ ಅವನ ಮನೆಯವರೂ ಏನು ತಿನ್ನುತ್ತಾರೆಂಬುದು ಯಾವ ಆದೇಶದ ವಿಷಯವೂ ಅಲ್ಲ. ಬಿಡುಗಡೆಯಾದ ಹಣ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಬಂದು, ಅಲ್ಲಿಂದ ಅವನ ಖಾತೆಗೆ ಇಳಿಯುವ ವೇಳೆಗೆ ಕೆಲವೊಮ್ಮೆ ಮೂರು ನಾಲ್ಕು ತಿಂಗಳ ಬಾಕಿ ಕೂಡಿರುತ್ತದೆ. ಇದಕ್ಕೆ ಇಟ್ಟಿರುವ ಹೆಸರು ‘ಗೌರವಧನ’. ಈ ಒಂದು ಶಬ್ದದಲ್ಲಿಯೇ ನಾನು ಖಂಡಿಸಹೊರಟ ಅಭಿಪ್ರಾಯವೆಲ್ಲವೂ ಅಡಗಿದೆ. ವೇತನವೆಂದು ಕರೆದರೆ ಅದಕ್ಕೊಂದು ಪ್ರಮಾಣ ಬೇಕು, ಪಾವತಿಗೊಂದು ದಿನ ಬೇಕು, ತಪ್ಪಿದರೆ ಕೇಳುವ ಅಧಿಕಾರ ಬೇಕು. ಗೌರವಧನವಾದರೋ ಕೊಟ್ಟಾಗ ಕೈಮುಗಿದು ತೆಗೆದುಕೊಳ್ಳತಕ್ಕದ್ದು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ತಾಯಂದಿರಿಗೂ ಇದೇ ಹೆಸರಿನ ಹಣ. ಆ ಯೋಜನೆಯ ಹೆಸರಾದರೂ ‘ಅಕ್ಷರ ದಾಸೋಹ’. ಕಲ್ಯಾಣದ ಶರಣರ ಶಬ್ದವನ್ನು ಎರವಲು ತಂದು, ಆ ದಾಸೋಹದ ಒಲೆಯ ಮುಂದೆ ನಿಂತವಳಿಗೆ ತಿಂಗಳಿಗೆ ಐದು ಸಾವಿರವನ್ನೂ ಮುಟ್ಟದ ಮೊತ್ತವನ್ನು ಕೊಡುವುದು ನನ್ನ ಮನಸ್ಸಿಗೆ ಸಹ್ಯವಾಗುವುದಿಲ್ಲ.

ಇನ್ನು ಕಾಯಕದ ಮಾತು. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಈ ವಾದದವರು ತಪ್ಪದೆ ಎತ್ತುತ್ತಾರೆ: ಗಂಡ ಮಾರಯ್ಯನು ದಿನದ ನೇಮಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಧಿಕವಾದುದನ್ನು ಅಲ್ಲಿಯೇ ಸುರಿದು ಬರುವಂತೆ ಅವಳು ಹಿಂದಕ್ಕೆ ಕಳುಹಿಸಿದಳಲ್ಲವೆ? ಕಳುಹಿಸಿದಳು. ಆದರೆ ಅವಳು ತಿರಸ್ಕರಿಸಿದುದು ನೇಮದ ಅಳತೆ ತುಂಬಿದ ಮೇಲಿನ ಹೆಚ್ಚಳವನ್ನು. ತಿರಸ್ಕರಿಸಿದವಳು ಅವಳೇ, ಸ್ವಂತ ಇಚ್ಛೆಯಿಂದ, ತನ್ನ ಮನೆಯ ಹೊಸ್ತಿಲಲ್ಲಿ ನಿಂತು. ಅಳತೆಯನ್ನೇ ಕಡಿಮೆ ಮಾಡಿ, ‘ನೀನು ಶರಣನಾದುದರಿಂದ ಇಷ್ಟೇ ಸಾಕು’ ಎಂದು ಮಾರಯ್ಯನಿಗೆ ಬಿಜ್ಜಳನ ಭಂಡಾರದಿಂದ ಆಜ್ಞೆ ಬಂದುದಾಗಿ ಯಾವ ಕಥೆಯಲ್ಲಿಯೂ ಇಲ್ಲ. ಒಬ್ಬನು ತಾನಾಗಿ ಕೈಗೊಂಡರೆ ತ್ಯಾಗವೆನಿಸುವ ಕ್ರಿಯೆಯು, ಇನ್ನೊಬ್ಬನು ಅವನ ಮೇಲೆ ಹೇರಿದಾಗ ಅಪಹಾರವಾಗುತ್ತದೆ. ಈ ಭೇದವನ್ನು ಮರೆಸಿ ಲಕ್ಕಮ್ಮನನ್ನು ಖಜಾನೆಯ ವಕೀಲಳನ್ನಾಗಿ ಮಾಡುವುದು ಆಕೆಗೆ ಮಾಡುವ ಅನ್ಯಾಯ.

ಮತ್ತು ಅನುಭವ ಮಂಟಪ! ಅದು ಕಟ್ಟಡವಾಗಿತ್ತೋ ಕೂಟವಾಗಿತ್ತೋ ಎಂಬ ವಿದ್ವಾಂಸರ ಚರ್ಚೆ ಇಲ್ಲಿ ಅಪ್ರಸ್ತುತ. ಕನ್ನಡ ಜನದ ಸ್ಮೃತಿಯಲ್ಲಿ ಅದು ಏನಾಗಿ ಉಳಿದಿದೆ? ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯನೂ, ದೋಣಿ ಹಾಯಿಸುವ ಅಂಬಿಗರ ಚೌಡಯ್ಯನೂ, ರಾಜ್ಯದ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರೊಡನೆ ಸಮಸಮವಾಗಿ ಕುಳಿತು, ಅವರ ಮಾತಿಗೆ ಮಾತು ಹೇಳಿ, ಒಪ್ಪದಿದ್ದಾಗ ಒಪ್ಪುವುದಿಲ್ಲವೆಂದು ಮುಖಾಮುಖಿಯಾಗಿ ನುಡಿದ ಸ್ಥಳವಾಗಿ. ದುಡಿಯುವವನೂ ಭಂಡಾರವನ್ನು ನಡೆಸುವವನೂ ಒಂದೇ ಜಮಖಾನೆಯ ಮೇಲೆ ಕುಳಿತು ವಿಚಾರ ಮಾಡಬಹುದೆಂಬುದನ್ನು ಈ ಊರಿಗಿಂತ ಚೆನ್ನಾಗಿ ತೋರಿಸಿದ ಊರು ಭರತಖಂಡದಲ್ಲಿ ಯಾವುದಿದೆ? ಸಾಮೂಹಿಕ ಸಂಧಾನವೆಂದು ಇಂದು ನಾವು ಕರೆಯುವುದರ ತಿರುಳು ಇಷ್ಟೇ: ಒಂಟಿಯಾಗಿ ಬಾಗಿಲಲ್ಲಿ ನಿಂತು ಬೇಡುವ ಸ್ಥಿತಿಯಿಂದ ಮನುಷ್ಯನನ್ನು ಬಿಡಿಸಿ, ತನ್ನಂಥವರೊಡನೆ ಒಳಗೆ ಬಂದು ಕುಳಿತು ಮಾತನಾಡುವ ಸ್ಥಿತಿಗೆ ತರುವುದು. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಇಲ್ಲಿ ಅಡಿಗಲ್ಲು ಹಾಕಿದರು. ಅದಕ್ಕೂ ಮೊದಲಿನ ಅನುಭವ ಮಂಟಪವನ್ನು ಈ ಊರಿನಲ್ಲಿ ಕಟ್ಟಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು, ನಿಜಾಮನ ಆಳಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದವರು. ಆಳುವವರು ಹೇಳಿದುದಕ್ಕೆಲ್ಲ ತಲೆಯಾಡಿಸುವುದೇ ಗುರುಧರ್ಮವೆಂದು ಅವರೂ ತಿಳಿದಿರಲಿಲ್ಲ.

ಕಾನೂನಿನ ಕಡೆಗೆ ತಿರುಗಿದರೆ, ಈ ‘ಪವಿತ್ರ ವೃತ್ತಿ’ಯೆಂಬ ಹೊಗಳಿಕೆಯಿಂದ ಶಿಕ್ಷಕನಿಗೆ ಆದ ನಷ್ಟವು ಸ್ಪಷ್ಟವಾಗಿ ಗೋಚರಿಸುತ್ತದೆ. 1978ರಲ್ಲಿ, ನಮ್ಮ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠವು ವಿದ್ಯಾಸಂಸ್ಥೆಯೂ ಕಾನೂನಿನ ಅರ್ಥದಲ್ಲಿ ‘ಕೈಗಾರಿಕೆ’ಯೆಂದು ತೀರ್ಮಾನಿಸಿತು, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಆ ತೀರ್ಪು ಪ್ರಸಿದ್ಧವಾದುದು. ಹತ್ತು ವರ್ಷಗಳ ಬಳಿಕ, 1988ರ ಸುಂದರಾಂಬಾಳ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಶಾಲೆ ಕೈಗಾರಿಕೆಯಾದರೂ ಅದರೊಳಗಿನ ಶಿಕ್ಷಕ ಮಾತ್ರ ‘ಕಾರ್ಮಿಕ’ನಲ್ಲವೆಂದಿತು; ಬೋಧನೆಯು ಉದಾತ್ತವಾದ ವ್ರತದಂಥದೆಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಪರಿಣಾಮವೇನು? ಖಾಸಗಿ ಶಾಲೆಯ ಗುಮಾಸ್ತನನ್ನೂ ಬಸ್ಸಿನ ಚಾಲಕನನ್ನೂ ಕೆಲಸದಿಂದ ತೆಗೆದರೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಡಿ ಅವರು ವಿವಾದವನ್ನು ಹೂಡಬಹುದಾಗಿತ್ತು. ಅದೇ ಶಾಲೆಯ ಗಣಿತದ ಮಾಸ್ತರನಿಗೆ ಆ ದಾರಿ ಮುಚ್ಚಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಪತ್ರಕರ್ತನನ್ನೂ ಮಾರಾಟ ಪ್ರವರ್ತನೆಯ ನೌಕರನನ್ನೂ ಹೆಸರಿಸಿ ಕಾರ್ಮಿಕರ ಸಾಲಿಗೆ ಸೇರಿಸಿಕೊಂಡಿತಾದರೂ ಶಿಕ್ಷಕನ ಹೆಸರನ್ನು ಬರೆಯಲಿಲ್ಲ.

ಉಪದಾನದ ವಿಷಯದಲ್ಲಿಯೂ ಹೀಗೆಯೇ ನಡೆಯಿತು: 1972ರ ಗ್ರಾಚ್ಯುಟಿ ಕಾಯ್ದೆಯ ವ್ಯಾಖ್ಯೆಯೊಳಗೆ ಶಿಕ್ಷಕರು ಬರುವುದಿಲ್ಲವೆಂದು 2004ರಲ್ಲಿ ತೀರ್ಪಾಯಿತು. ಆದರೆ ಇಲ್ಲಿ ಶಿಕ್ಷಕರ ಕೂಗು ವ್ಯರ್ಥವಾಗಲಿಲ್ಲ. 2009ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯಿಸುವಂತೆ ಶಿಕ್ಷಕರನ್ನು ಒಳಗೆ ತಂದಿತು. ಖಾಸಗಿ ಶಾಲೆಗಳವರು ಇದನ್ನು ಪ್ರಶ್ನಿಸಿದಾಗ 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಉಪದಾನ ಪಡೆದುದರಿಂದ ಯಾವ ಗುರುವಿನ ಗುರುತ್ವವೂ ಕುಂದಿದಂತೆ ಕಾಣಲಿಲ್ಲ.

‘ಮುಷ್ಕರದ ಹಕ್ಕು ಸರ್ಕಾರಿ ನೌಕರನಿಗೆ ಇಲ್ಲವೆಂದು ನ್ಯಾಯಾಲಯವೇ ಹೇಳಿದೆಯಲ್ಲ’ ಎಂದು ಕೇಳುವವರಿದ್ದಾರೆ. ಹೇಳಿರುವುದು ನಿಜ. 2003ರಲ್ಲಿ ತಮಿಳುನಾಡಿನ ಸರ್ಕಾರವು ಮುಷ್ಕರ ಹೂಡಿದ ಒಂದೂವರೆ ಲಕ್ಷಕ್ಕೂ ಹೆಚ್ಚು ನೌಕರರನ್ನೂ ಶಿಕ್ಷಕರನ್ನೂ ಒಮ್ಮೆಲೇ ವಜಾಮಾಡಿದ ಸಂದರ್ಭದ ರಂಗರಾಜನ್ ಪ್ರಕರಣದಲ್ಲಿ ಆ ಮಾತು ಬಂದಿದೆ. ಆದರೆ ಸಂಘಗಳಿಗೆ ತಮ್ಮವರ ಪರವಾಗಿ ಸಂಧಾನ ನಡೆಸುವ ಹಕ್ಕುಂಟೆಂಬುದನ್ನು ಅದೇ ತೀರ್ಪು ಅಂಗೀಕರಿಸಿದೆ. ಮುಷ್ಕರ ಬೇರೆ, ಸಂಧಾನ ಬೇರೆ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಎಸೆಯುವುದೇ ಪ್ರಚಲಿತ ಅಭಿಪ್ರಾಯದ ಮುಖ್ಯ ದೋಷ. ಸಂಧಾನದ ಬಾಗಿಲು ತೆರೆದಿರುವಲ್ಲಿ ಮುಷ್ಕರದ ಅಗತ್ಯವೇ ಅಪರೂಪವಾಗುತ್ತದೆ.

ಇದಕ್ಕೆ ದೃಷ್ಟಾಂತವನ್ನು ದೂರದಿಂದ ತರಬೇಕಿಲ್ಲ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರ ಸಂಘವು ಕರೆಕೊಟ್ಟಾಗ ಶಾಲೆ ಕಚೇರಿಗಳು ನಿಂತವು. ಅದೇ ದಿನ ಶೇ. 17ರ ಮಧ್ಯಂತರ ಪರಿಹಾರದ ಆದೇಶ ಹೊರಟಿತು, ಮುಷ್ಕರ ಮುಗಿಯಿತು. ಮರುವರ್ಷದ ಆಗಸ್ಟಿನಿಂದ ಏಳನೆಯ ವೇತನ ಆಯೋಗದ ಶಿಫಾರಸು ಜಾರಿಗೆ ಬಂದಿತು. ಖಾಯಂ ಶಿಕ್ಷಕರು ಇದರ ಫಲವನ್ನು ಉಂಡರು, ಅದು ನ್ಯಾಯವಾದುದೇ. ಇದರೊಡನೆ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಕಥೆಯನ್ನು ಹೋಲಿಸಿರಿ. 2021ರ ಡಿಸೆಂಬರಿನಲ್ಲಿ ಅವರು ತರಗತಿಗಳನ್ನು ಬಹಿಷ್ಕರಿಸಿ ವಾರಗಟ್ಟಲೆ ಕುಳಿತರು. ಅವರು ಕೇಳಿದ್ದುದು ಸೇವಾ ಭದ್ರತೆ. 2022ರ ಜನವರಿಯಲ್ಲಿ ಬಂದ ಘೋಷಣೆಯು 11,000–13,000 ರೂಪಾಯಿಯಿದ್ದ ಗೌರವಧನವನ್ನು, ಅರ್ಹತೆಗೂ ಅನುಭವಕ್ಕೂ ಅನುಗುಣವಾಗಿ, 32,000ದವರೆಗೆ ಏರಿಸಿತು. ಅದರೊಂದಿಗೆ ವಾರಕ್ಕೆ 8 ಗಂಟೆಯಿದ್ದ ಬೋಧನೆಯನ್ನು 15 ಗಂಟೆಗೆ ಹೆಚ್ಚಿಸಿತು. ಇಬ್ಬರು ಮಾಡುತ್ತಿದ್ದ ಪಾಠವನ್ನು ಒಬ್ಬನೇ ಮಾಡಿದರೆ ಇನ್ನೊಬ್ಬನ ಗತಿಯೇನೆಂಬುದನ್ನು ತಿಳಿಯಲು ಹೆಚ್ಚಿನ ಗಣಿತ ಬೇಡ. ವರ್ಷಗಟ್ಟಲೆ ಒಂದೇ ಸಿಬ್ಬಂದಿ ಕೋಣೆಯಲ್ಲಿ ಬುತ್ತಿ ಹಂಚಿಕೊಂಡು ಉಂಡವರು ಪರಸ್ಪರ ಪ್ರತಿಸ್ಪರ್ಧಿಗಳಾದರು. ಎದುರೆದುರು ಕುಳಿತು, ಒಂದೊಂದು ಅಂಶವನ್ನೂ ತೂಗಿ, ಎರಡು ಕಡೆಯವರೂ ಸಹಿ ಹಾಕಿದ ಒಪ್ಪಂದವಾಗಿದ್ದರೆ ಈ ಕತ್ತರಿ ಹೀಗೆ ಬೀಳುತ್ತಿರಲಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಸೇವಾ ಭದ್ರತೆಯ ಪ್ರಶ್ನೆ ಉಳಿದೇ ಉಳಿಯಿತು. 2023ರ ಕೊನೆಯಲ್ಲಿ ಅವರು ಮತ್ತೆ ಬೀದಿಗಿಳಿದು, 2024ರ ವರ್ಷಾರಂಭದಲ್ಲಿ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು.

ಈ ಸ್ಥಳದಲ್ಲಿ ನಮ್ಮವರಿಗೂ ಒಂದು ಕಠಿಣವಾದ ಮಾತನ್ನು ಹೇಳಬೇಕು. ಖಾಯಂ ಶಿಕ್ಷಕರ ಸಂಘಗಳು ಬಲವಾದುವು. ತಮ್ಮ ಬಡ್ತಿ, ವರ್ಗಾವಣೆ, ಪಿಂಚಣಿಗಳ ವಿಷಯದಲ್ಲಿ ಜಾಗರೂಕವಾದುವು. ಆದರೆ ಪಕ್ಕದ ಕೊಠಡಿಯಲ್ಲಿ ಅದೇ ಪಾಠವನ್ನು, ಅದೇ ಮಕ್ಕಳಿಗೆ, ತಮ್ಮ ಸಂಬಳದ ಸಣ್ಣದೊಂದು ಪಾಲಿಗೆ ಹೇಳುವ ಅತಿಥಿ ಶಿಕ್ಷಕಿಯ ಬಾಕಿಗಾಗಿ ಅವು ಒಂದು ದಿನವಾದರೂ ಇಡೀ ಬಲದಿಂದ ನಿಂತುವೇ? ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರಗಳು 7 ಇವೆ. ಬೀದರ್ ಜಿಲ್ಲೆ ಈಶಾನ್ಯ ಶಿಕ್ಷಕರ ಕ್ಷೇತ್ರಕ್ಕೆ ಸೇರಿದೆ. ಶಿಕ್ಷಕರು ಒಂದು ಸಮೂಹವಾಗಿ ಮಾತನಾಡತಕ್ಕವರೆಂದು ಸಂವಿಧಾನದ 171ನೆಯ ವಿಧಿಯೇ ಒಪ್ಪಿದೆಯೆಂಬುದನ್ನು ಪೂರ್ವಪಕ್ಷದವರು ಗಮನಿಸಬೇಕು. ಆದರೆ ಆ ಕ್ಷೇತ್ರಗಳ ಮತದಾನದ ಹಕ್ಕು ಪ್ರೌಢಶಾಲೆಯಿಂದ ಮೇಲಿನವರಿಗೆ ಮಾತ್ರ, ಹಳ್ಳಿಯ ಪ್ರಾಥಮಿಕ ಶಾಲೆಯ ಶಿಕ್ಷಕನಿಗೆ ಅದೂ ಇಲ್ಲವೆಂಬುದನ್ನು ಶಿಕ್ಷಕ ನಾಯಕರು ಗಮನಿಸಬೇಕು. ದುರ್ಬಲನನ್ನು ಹೊರಗೆ ನಿಲ್ಲಿಸಿದ ಸಂಘವು ಸಂಘವೆಂಬ ಹೆಸರಿಗೆ ಪೂರ್ಣವಾಗಿ ಅರ್ಹವಲ್ಲ.

ಈಗ ಮಗುವಿನ ಮಾತು. ಶಾಲೆ ಮುಚ್ಚಿದರೆ ಮಗುವಿಗೆ ನಷ್ಟವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ; ಹತ್ತನೆಯ ತರಗತಿಯ ಪರೀಕ್ಷೆಯ ಹೊತ್ತಿಗೆ ಪಾಠ ನಿಲ್ಲಿಸುವುದನ್ನು ನಾನು ಸಮರ್ಥಿಸಲಾರೆ. ಆದರೆ ವರ್ಷಕ್ಕೆ ಮೂರೋ ನಾಲ್ಕೋ ದಿನ ಧರಣಿ ಕೂತ ಮಾಸ್ತರನನ್ನು ಮಗುವಿನ ಹೆಸರಿನಲ್ಲಿ ಶಪಿಸುವವರು, ಜೂನ್ ತಿಂಗಳಲ್ಲಿ ಅತಿಥಿ ಶಿಕ್ಷಕರ ಆದೇಶ ತಡವಾದಾಗ ಶಿಕ್ಷಕರೇ ಇಲ್ಲದೆ ಕುಳಿತ ತರಗತಿಗಳ ಬಗ್ಗೆ ಏಕೆ ಬಾಯಿ ಬಿಡುವುದಿಲ್ಲ? ಪ್ರತಿ ವರ್ಷವೂ ಹೊಸ ಮುಖ ಬಂದು, ಮಕ್ಕಳ ಹೆಸರು ಬಾಯಿಗೆ ಬರುವ ವೇಳೆಗೆ ಮಾರ್ಚಿ ಮುಗಿದು ಆ ಮುಖ ಮರೆಯಾಗುವುದು ಮಗುವಿಗೆ ನಷ್ಟವಲ್ಲವೇ? ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷಗಳ ಮೇಲಾಯಿತು. ಈ ಭಾಗದ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಖಾಲಿ ಹುದ್ದೆಗಳು ಇನ್ನೂ ತುಂಬಲಿಲ್ಲ. ಮಗುವಿನ ಹಿತವನ್ನು ಮುಂದಿಟ್ಟುಕೊಂಡು ಮಾತನಾಡುವವರು ಈ ಖಾಲಿ ಕುರ್ಚಿಗಳಿಂದ ಆರಂಭಿಸಲಿ.

ಶಿಕ್ಷಕನ ಮಾತನ್ನು ಕೇಳದೆ ನಡೆಯುವುದರ ಬೆಲೆಯನ್ನು ಬಸವಕಲ್ಯಾಣವು ಬಹಳ ಹತ್ತಿರದಿಂದ ಕಂಡಿದೆ. 2021ರ ಏಪ್ರಿಲ್ 17ರಂದು, ಕೋವಿಡಿನ ಎರಡನೆಯ ಅಲೆ ಏರುತ್ತಿದ್ದಾಗ, ಇಲ್ಲಿಯ ವಿಧಾನಸಭಾ ಕ್ಷೇತ್ರಕ್ಕೆ ಉಪಚುನಾವಣೆ ನಡೆಯಿತು. ಮತಗಟ್ಟೆಗಳ ಕೆಲಸಕ್ಕೆ ಶಿಕ್ಷಕರನ್ನು ನೇಮಿಸಿದರು. ಆ ಕರ್ತವ್ಯಕ್ಕೆ ಹೋಗಿ ಬಂದ ಶಿಕ್ಷಕರು ಸೋಂಕಿಗೆ ಬಲಿಯಾದ ಸುದ್ದಿ ಮುಂದಿನ ವಾರಗಳಲ್ಲಿ ಪತ್ರಿಕೆಗಳಲ್ಲಿ ಬಂದಿತು. ವಯಸ್ಸಾದವರನ್ನೂ ರೋಗಿಗಳನ್ನೂ ಬಿಡುವ ಕ್ರಮವೇನು, ರಕ್ಷಣೆಯ ಏರ್ಪಾಟೇನು, ಮೃತರ ಮನೆಯವರಿಗೆ ಪರಿಹಾರವೇನು ಎಂದು ಆದೇಶ ಹೊರಡುವ ಮುನ್ನ ಶಿಕ್ಷಕರ ಪ್ರತಿನಿಧಿಗಳೊಡನೆ ಸಮಾನವಾಗಿ ಕುಳಿತು ಇತ್ಯರ್ಥಪಡಿಸುವ ನಿಯತವಾದ ವ್ಯವಸ್ಥೆಯೊಂದು ಇದ್ದಿದ್ದರೆ, ಆ ಮನೆಗಳಲ್ಲಿ ಕೆಲವಾದರೂ ಇಂದು ಬೇರೆಯಾಗಿರುತ್ತಿದ್ದುವೇನೋ. ಸಂಧಾನವೆಂದರೆ ಸಂಬಳವೊಂದೇ ಎಂದು ಬಗೆದವರು ಇದನ್ನು ಯೋಚಿಸಬೇಕು.

ಅಂಥ ವ್ಯವಸ್ಥೆ ನನ್ನ ಕಲ್ಪನೆಯೂ ಅಲ್ಲ, ಯಾರೋ ಬೀದಿಯ ಹೋರಾಟಗಾರರು ಹೂಡಿದ ಉಪಾಯವೂ ಅಲ್ಲ. ಡಿ.ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1966ರಲ್ಲಿ ಒಪ್ಪಿಸಿದ ವರದಿಯಲ್ಲಿ, ಪ್ರತಿ ರಾಜ್ಯದಲ್ಲಿಯೂ ಶಿಕ್ಷಕ ಸಂಘಗಳ ಪ್ರತಿನಿಧಿಗಳೂ ಇಲಾಖೆಯ ಅಧಿಕಾರಿಗಳೂ ಕೂಡಿದ ಸಂಯುಕ್ತ ಶಿಕ್ಷಕ ಮಂಡಳಿಗಳು ಇರತಕ್ಕದ್ದೆಂದೂ, ಅಲ್ಲಿ ಸರ್ವಾನುಮತದಿಂದ ಆದುದನ್ನು ಸರ್ಕಾರ ಒಪ್ಪುವ ಸಂಪ್ರದಾಯ ಬೆಳೆಯಬೇಕೆಂದೂ, ಕೆಲವು ವಿಷಯಗಳಿಗೆ ಮಧ್ಯಸ್ಥಿಕೆಯ ಏರ್ಪಾಟು ಬೇಕೆಂದೂ ಹೇಳಿದೆ. ಅದೇ ವರ್ಷದ ಅಕ್ಟೋಬರ್ 5ರಂದು ಪ್ಯಾರಿಸಿನಲ್ಲಿ ಅಂಗೀಕಾರವಾದ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನೆಸ್ಕೋಗಳ ಶಿಫಾರಸು ಶಿಕ್ಷಕರ ವೇತನ ಮತ್ತು ಕೆಲಸದ ನಿಬಂಧನೆಗಳನ್ನು ಅವರ ಸಂಘಗಳೊಡನೆ ಸಂಧಾನದ ಮೂಲಕ ನಿರ್ಧರಿಸಬೇಕೆಂದು ಸ್ಪಷ್ಟವಾಗಿ ನುಡಿದಿದೆ. ಕೊಠಾರಿ ವರದಿಯ ಮೊದಲ ವಾಕ್ಯವನ್ನು ನಮ್ಮ ವೇದಿಕೆಗಳಲ್ಲಿ ಬಾಯಿಪಾಠವಾಗಿ ಹೇಳುತ್ತಾರೆ. ಸಂಯುಕ್ತ ಮಂಡಳಿಗಳ ಮಾತಿರುವ ಪುಟವನ್ನು ಮಾತ್ರ ಯಾರೂ ತೆರೆಯುವುದಿಲ್ಲ.

‘ಒಪ್ಪಿಕೊಂಡೇ ಬಂದವರು’ ಎಂಬ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಬಿ.ಎಡ್. ಮುಗಿಸಿ, ಮನೆಯಲ್ಲಿ ಮುದಿ ತಂದೆತಾಯಿಗಳನ್ನಿಟ್ಟುಕೊಂಡು, ಬೇರೆ ಕೆಲಸವಿಲ್ಲದೆ ಸಹಿ ಹಾಕಿದ ಒಬ್ಬಳ ಒಪ್ಪಿಗೆಯೂ, ಸಹಿ ಮಾಡಿಸಿಕೊಂಡ ಸರ್ಕಾರದ ಒಪ್ಪಿಗೆಯೂ ಒಂದೇ ತೂಕದವಲ್ಲ. ಈ ತೂಕವನ್ನು ಸರಿಪಡಿಸುವುದಕ್ಕಾಗಿಯೇ ಸಂಘಗಳು ಹುಟ್ಟಿದುವು.

ಬಸವಕಲ್ಯಾಣ ಹುಮನಾಬಾದ್ ತಾಲೂಕುಗಳ ಶಾಲಾಭಿವೃದ್ಧಿ ಸಮಿತಿಗಳಲ್ಲಿ ಕೂಡುವ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ಬರುವ ಜೂನಿನಲ್ಲಿ ಶಾಲೆ ತೆರೆಯುವ ಮುನ್ನ ನಿಮ್ಮ ಸಭೆಗೆ ಆ ಶಾಲೆಯ ಅತಿಥಿ ಶಿಕ್ಷಕರನ್ನೂ ಅಡುಗೆಯ ತಾಯಂದಿರನ್ನೂ ಕರೆದು ಕುರ್ಚಿ ಕೊಡಿರಿ; ಎಷ್ಟು ತಿಂಗಳ ಹಣ ಬಾಕಿಯಿದೆ, ಏನೇನು ಅಡಚಣೆಯಿದೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಯಿಸಿರಿ; ಅದರ ಕೆಳಗೆ ಅವರ ಸಹಿಯನ್ನೂ ನಿಮ್ಮ ಸಹಿಯನ್ನೂ ಹಾಕಿ ಬಿಇಒ ಕಚೇರಿಗೆ ಕಳುಹಿಸಿರಿ; ಎರಡೂ ತಾಲೂಕುಗಳ ಶಿಕ್ಷಕರ ಪ್ರತಿನಿಧಿಗಳನ್ನು ಕೂರಿಸಿಕೊಂಡು ಉತ್ತರ ಹೇಳುವಂತೆ ಆ ಕಚೇರಿಯನ್ನು ಕೇಳಿರಿ. ಉತ್ತರ ಬರದಿದ್ದರೆ, ಮಾಸ್ತರರು ರೋಡಿಗೆ ಬಂದು ಕುಳಿತ ದಿನ ನೀವೂ ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ.